ಮಗ್ಗದ ಮನೆಯ ಅಭ್ಯರ್ಥಿ

ಸದ್ದು ಕಿವಿಯನ್ನು ಕೊಲ್ಲುತ್ತದೆ. ಹಾಗೆ ಸತ್ತ ಕಿವಿ ಮತ್ತೆ ಬದುಕುವುದಿಲ್ಲ. ಅದಕ್ಕೆ ಗುಳಿಗೆಯಿಲ್ಲ, ಹನಿ ಔಷಧಿಯಿಲ್ಲ, ಆಪರೇಷನ್ನಿಲ್ಲ. ಇದು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. ವೈದ್ಯರಿಗೆ ಗೊತ್ತು, ಕಾರ್ಖಾನೆ ಇನ್ಸ್‌ಪೆಕ್ಟರಿಗೆ ಗೊತ್ತು, ಕಾಯಿದೆ ಬರೆದ ಮಹನೀಯರಿಗೂ ಗೊತ್ತು. ಇಷ್ಟು ಹೊತ್ತಿಗೆ ನಿಮಗೂ ಗೊತ್ತಿರಬೇಕಿತ್ತು. ಗೊತ್ತಿಲ್ಲದೆ ಉಳಿದವರು ಮಗ್ಗದ ಬೀದಿಯವರು. ಹೋಗುತ್ತಿದ್ದದ್ದು ಅವರದೇ ಕಿವಿ, ಆದರೂ ಅವರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಆ ಬೀದಿಯ ಒಂದು ಹುಡುಗಿಯ ಕತೆ ಇದು. ಮನೆಯವರೂ ಬೀದಿಯವರೂ ಅವಳನ್ನು ಲಾಳಿ ಎಂದೇ ಕರೆಯುತ್ತಿದ್ದರು. ಮಗ್ಗದಲ್ಲಿ ನೂಲು ಹೊತ್ತು ಈ ಕಡೆಯಿಂದ ಆ ಕಡೆಗೆ ಹಾರುತ್ತಲೇ ಇರುವ ಲಾಳಿಯ ಹಾಗೆ, ನಡೆಯಲು ಕಲಿತಾಗಿನಿಂದ ಅವಳು ಒಂದು ಕಡೆ ಕೂತವಳಲ್ಲ. ಅಂಗಡಿಗೆ ಕಳಿಸಿದರೆ ಓಡಿ ಹೋಗಿ ಓಡಿ ಬರುತ್ತಿದ್ದಳು. "ಇವಳ ಕಾಲಿಗೆ ಯಾರೋ ಮೋಟಾರ್ ಕಟ್ಟಿದ್ದಾರೆ" ಎಂದು ಅಪ್ಪ ನಗುತ್ತಿದ್ದ.

ಅವರ ಮನೆಯೆಂದರೆ ಮುಂದೊಂದು ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದಿಷ್ಟು ಜಾಗ, ಹಿಂದಿನ ಗೋಡೆಯಲ್ಲಿ ಒಂದು ಬಾಗಿಲು. ಆ ಬಾಗಿಲು ತೆರೆದರೆ ಶೆಡ್ಡು, ಶೆಡ್ಡಿನ ತುಂಬ ಮಗ್ಗಗಳು. ಮನೆಯೂ ಸಾಹುಕಾರನದು, ಶೆಡ್ಡೂ ಸಾಹುಕಾರನದು. ಮಗ್ಗ ನೋಡಿಕೊಳ್ಳುವವನಿಗೆ ಮನೆ, ಮನೆ ಬೇಕಾದವನಿಗೆ ಮಗ್ಗ, ಅದು ಅಲ್ಲಿನ ಏರ್ಪಾಡು. ಅಪ್ಪ ಉಳಿದ ಆಳುಗಳ ಜೊತೆ ಮಗ್ಗದ ಮುಂದೆ ನಿಲ್ಲುತ್ತಿದ್ದ, ಪಾಳಿಯ ಉಸ್ತುವಾರಿಯೂ ಅವನದೇ. ಅಮ್ಮ ಬಾಗಿಲ ಬಳಿಯ ಯಂತ್ರದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗಳವು. ಮಗ್ಗ ಓಡುವಷ್ಟು ಹೊತ್ತೂ ಅಡುಗೆಮನೆಯ ಗೂಡಿನಲ್ಲಿಟ್ಟ ತಟ್ಟೆ ಲೋಟಗಳು ತಾವೇ ನಡೆದು ಅಂಚಿಗೆ ಬರುತ್ತಿದ್ದವು. ಅಮ್ಮ ಹೋಗಿ ಬರುವಾಗೆಲ್ಲ ಅವನ್ನು ಒಳಕ್ಕೆ ತಳ್ಳುತ್ತಿದ್ದಳು. ತಳ್ಳುತ್ತಿದ್ದೇನೆ ಎಂಬ ಅರಿವೇ ಅವಳಿಗೆ ಇರಲಿಲ್ಲ.

ಶೆಡ್ಡಿನೊಳಗೆ ಬಾಯಿಮಾತು ನಡೆಯುವುದಿಲ್ಲ. ಗಂಟಲು ಹರಿದುಕೊಂಡರೂ ಮಾರು ದೂರ ನಿಂತವನಿಗೆ ಏನೂ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲದಕ್ಕೂ ಒಂದೊಂದು ಸನ್ನೆ. ಎರಡು ಬೆರಳನ್ನು ಕತ್ತರಿ ಮಾಡಿದರೆ ಎಳೆ ಹರಿದಿದೆ ಎಂದು. ಹೊಟ್ಟೆ ಮುಟ್ಟಿದರೆ ಊಟಕ್ಕೆ ಬಾ ಎಂದು. ಮೊದಲು ಸಾಹುಕಾರ ಬಂದ ಎನ್ನುವುದಕ್ಕೂ ಹೊಟ್ಟೆಯನ್ನೇ ತಟ್ಟುತ್ತಿದ್ದರಂತೆ, ಅವನ ಹೊಟ್ಟೆ ಅಷ್ಟು ಪ್ರಸಿದ್ಧ. ಊಟ ಬಂತೆಂದು ಕೈ ತೊಳೆದು ಬಂದವರ ಮುಂದೆ ಸಾಹುಕಾರ ನಿಂತಿರುವುದು ನಾಲ್ಕಾರು ಸಲ ಆದ ಮೇಲೆ, ಅವನು ಬಳಿದುಕೊಳ್ಳುವ ಸೆಂಟಿನ ಗೌರವಾರ್ಥ ಮೂಗು ಹಿಡಿಯುವುದೆಂದು ತೀರ್ಮಾನವಾಯಿತು. ಉಳಿದದ್ದನ್ನೆಲ್ಲ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಮಗ್ಗ ನಿಂತ ಮೇಲೂ ಅದೇ ಅಭ್ಯಾಸ. ಮನೆಯೊಳಗೆ ಒಬ್ಬರ ಬಾಯಿ ಇನ್ನೊಬ್ಬರಿಗೆ ಕಾಣುವಂತೆ ನಿಂತೇ ಮಾತು. ಬೆನ್ನು ತಿರುಗಿಸಿದರೆ ಮಾತು ಮುಗಿಯಿತು ಎಂದರ್ಥ. ಆ ಬೀದಿಯಲ್ಲಿ ಗಂಡ ಹೆಂಡಿರ ಜಗಳವೆಂದರೆ ಬೈಗುಳವಲ್ಲ, ಇಬ್ಬರೂ ಬೆನ್ನು ತಿರುಗಿಸಿ ಕೂರುವುದು.

ಇಂಥ ಮನೆಯಲ್ಲಿ ಕಿವಿ ಕೇಳಿಸುತ್ತದೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟುವುದಾದರೂ ಎಲ್ಲಿಂದ?

ಸೇನಾ ಅಕಾಡೆಮಿಯ ಆಸೆ ಅವಳಿಗೆ ಒಂದು ಚಿತ್ರದಿಂದ ಹತ್ತಿತು. ಕಂಡಿಕೆ ಸುತ್ತಿ ಕಟ್ಟಲು ತಂದಿದ್ದ ಹಳೆ ಪತ್ರಿಕೆಯಲ್ಲಿ ಕವಾಯತಿನ ಚಿತ್ರವೊಂದಿತ್ತು. ಎಳೆ ವಯಸ್ಸಿನ ಹೆಣ್ಣೊಬ್ಬಳು ಮುಂದೆ ನಿಂತು ಕೈ ಎತ್ತಿದ್ದಾಳೆ, ಹಿಂದೆ ಸಾಲು ಸಾಲೇ ತಿರುಗಿದೆ. ಕೈ ಎತ್ತಿದರೆ ಇಷ್ಟು ಜನ ತಿರುಗುವುದೇ! ಲಾಳಿ ಆ ಹಾಳೆಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡಳು. ಅಪ್ಪನ ಲೆಕ್ಕಾಚಾರ ಬೇರೆಯೇ ಇತ್ತು. ಅಲ್ಲಿ ಓದು ಬಿಟ್ಟಿ, ಊಟ ಬಿಟ್ಟಿ, ಉಡುಪು ಬಿಟ್ಟಿ, ಮುಗಿಸಿ ಬಂದರೆ ಅಧಿಕಾರಿ. ಸೀಟು ಸಿಗದಿದ್ದರೆ ಏನೆಂಬುದೂ ಅವನಿಗೆ ಗೊತ್ತಿತ್ತು. ಸಾಹುಕಾರ ಆಗಲೇ ಒಂದು ಸಲ ಹೆಗಲ ಮೇಲೆ ಕೈಹಾಕಿ ಹೇಳಿದ್ದ: "ನಿನ್ನ ಮಗಳು ಚುರುಕಾಗಿದ್ದಾಳೆ ಕಣಯ್ಯ. ಓದು ಮುಗಿದ ತಕ್ಷಣ ಎರಡು ಮಗ್ಗ ಅವಳ ಕೈಗೆ ಕೊಡೋಣ." ವಯಸ್ಸಿನ ಮಿತಿ ನೋಡಿದರೆ ಲಾಳಿಗೆ ಇದ್ದದ್ದು ಇದೊಂದೇ ಅವಕಾಶ. ಈ ಸಲ ಅಕಾಡೆಮಿ, ತಪ್ಪಿದರೆ ಎರಡು ಮಗ್ಗ. ನಡುವೆ ಬೇರೆ ದಾರಿ ಇರಲಿಲ್ಲ.

ಬಸ್ ಡಿಪೋದ ಹಿಂದಿನ ಮೈದಾನದಲ್ಲಿ ಡ್ರಿಲ್ ಮಾಸ್ತರ್ ಎಂಬ ಮಾಜಿ ಸೈನಿಕ ಇಂಥ ಅಭ್ಯರ್ಥಿಗಳನ್ನು ತಯಾರು ಮಾಡುತ್ತಿದ್ದ. ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು. ಕಾಸು ಕೇಳುತ್ತಿರಲಿಲ್ಲ, ಬೆವರು ಕೇಳುತ್ತಿದ್ದ. ಮೊದಲ ದಿನವೇ ಲಾಳಿಯ ಓಟ ನೋಡಿ ಅವನ ಹುಬ್ಬು ಮೇಲೇರಿತು. ಆದರೆ ಒಂದು ತೊಡಕು. ಅವನು ಸೀಟಿ ಊದುವ ಮೊದಲೇ ಅವಳು ಗೆರೆ ದಾಟಿರುತ್ತಿದ್ದಳು.

"ಏಯ್ ಲಾಳಿ! ಸೀಟಿ ನನ್ನ ಬಾಯಲ್ಲೇ ಇದೆ, ನೀನು ಆಗ್ಲೇ ಊರು ಬಿಟ್ಯಲ್ಲೇ! ನಿಂಗೇನು ಮೊದಲೇ ಕನಸು ಬೀಳತ್ತಾ?"

"ನಿಮ್ಮ ಕೆನ್ನೆ ಉಬ್ಬಿತಲ್ಲ ಮಾಸ್ತರೇ!"

ಮೈದಾನವೆಲ್ಲ ನಕ್ಕಿತು. ಮಾಸ್ತರನೂ ನಗು ತಡೆಯಲಾರದೆ ಮೀಸೆ ಉಜ್ಜಿಕೊಂಡ. "ನನ್ನ ಕೆನ್ನೆ ನೋಡೋ ವಯಸ್ಸಾ ನಿಂದು? ಮುಂದೆ ನೋಡು, ಸೀಟಿ ಕೇಳು" ಎಂದು ಅಂದಿನಿಂದ ಓಟಗಾರರ ಹಿಂದೆ ನಿಂತು ಊದತೊಡಗಿದ. ಆಗ ಲಾಳಿ ಎಲ್ಲರಿಗಿಂತ ತಡವಾಗಿ ಹೊರಡತೊಡಗಿದಳು. ಪಕ್ಕದವರ ಕಾಲು ಕದಲಿದ್ದು ಕಂಡ ಮೇಲೆಯೇ ಅವಳ ಕಾಲು ಕದಲುತ್ತಿತ್ತು. ಅದು ಅವಳಿಗೂ ಗೊತ್ತಿರಲಿಲ್ಲ. ಎಲ್ಲರೂ ಹೀಗೆಯೇ ಓಡುತ್ತಾರೆ ಎಂದುಕೊಂಡಿದ್ದಳು. ಮಾಸ್ತರ್ ಇದಕ್ಕೆ "ಹೆದರಿಕೆ" ಎಂದು ಹೆಸರಿಟ್ಟು, ಗೆರೆಯಿಂದ ಹೊರಡುವುದನ್ನೇ ಅವಳ ಮಂಡಿ ನೋಯುವವರೆಗೆ ಮಾಡಿಸಿದ.

ಅರ್ಜಿ ತುಂಬುವ ಕೆಲಸ ಓಟಕ್ಕಿಂತ ಕಷ್ಟದ್ದಾಗಿತ್ತು. ಬರೀ ಹೆಸರು ವಿಳಾಸ ಬರೆದರೆ ಮುಗಿಯುವ ಅರ್ಜಿಯಲ್ಲ ಅದು. ನೀನು ಯಾರು, ಇಲ್ಲಿಯವರೆಗೆ ಏನು ಮಾಡಿದ್ದೀ, ಅಧಿಕಾರಿ ಯಾಕಾಗಬೇಕು ಎಂದು ಸ್ವಂತ ಮಾತಿನಲ್ಲಿ ಬರೆಯಬೇಕು. ಸಾವಿರಾರು ಜನ ಬರೆಯುತ್ತಾರೆ, ಬೆರಳೆಣಿಕೆಯ ಜನರನ್ನು ಕರೆಯುತ್ತಾರೆ. ಲಾಳಿ ಮೊದಲು ಬರೆದುಕೊಂಡು ಬಂದದ್ದನ್ನು ಮಾಸ್ತರ್ ಮೈದಾನದ ಕಟ್ಟೆಯ ಮೇಲೆ ಕೂತು ಓದಿದ. ದೇಶಸೇವೆ, ತ್ಯಾಗ, ಬಾಲ್ಯದ ಕನಸು, ರಕ್ತದ ಕೊನೆಯ ಹನಿ ಎಲ್ಲವೂ ಅದರಲ್ಲಿತ್ತು.

"ರಕ್ತ ನಿಂದೇನಾ, ಇಲ್ಲ ಬಾಡಿಗೆಗೆ ತಂದಿದ್ದಾ?" ಎಂದು ಕಾಗದ ವಾಪಸು ಕೊಟ್ಟ. "ಇದನ್ನ ಎಲ್ಲರೂ ಬರೀತಾರೆ ಕಣಮ್ಮ. ಅಲ್ಲಿ ಕೂತೋರು ಆಕಳಿಸ್ತಾರೆ. ನೀನು ಮಾಡಿದ ಒಂದು ಕೆಲಸ ಹೇಳು. ಒಂದೇ ಒಂದು."

"ನಾನೇನು ಮಾಡಿದ್ದೀನಿ ಮಾಸ್ತರೇ? ಮಗ್ಗ ನೋಡ್ಕೊಂಡಿದ್ದೀನಿ ಅಷ್ಟೇ."

"ಅದನ್ನೇ ಹೇಳು."

ಆಗ ಅವಳು ಹೇಳಿದಳು. ಅಪ್ಪ ಜ್ವರ ಹಿಡಿದು ಮಲಗಿದ್ದಾಗ ಪಾಳಿ ನಿಂತರೆ ಮನೆ ಬಿಡಬೇಕಾಗುತ್ತದೆಂದು ತಾನೇ ಶೆಡ್ಡಿನ ನಡುವೆ ನಿಂತದ್ದು. ತನಗಿಂತ ಎರಡು ಪಟ್ಟು ವಯಸ್ಸಿನ ಗಂಡಸರು ಮೊದಲು ಮುಖ ಸೊಟ್ಟ ಮಾಡಿದರೂ ಆಮೇಲೆ ಅವಳ ಕೈ ನೋಡಿ ಕೆಲಸ ಮಾಡಿದ್ದು. ಒಂದು ಮಾತು ಕೇಳಿಸದ ಆ ಗದ್ದಲದಲ್ಲಿ ಬರೀ ಕೈಸನ್ನೆಯಿಂದ ಅಷ್ಟೂ ಮಗ್ಗ ನಡೆಸಿದ್ದು. ಬೆಲ್ಟು ಹರಿದು ಹಾರಿದಾಗ ಎಲ್ಲರನ್ನೂ ಮಲಗಿಸಿ ಸ್ವಿಚ್ಚಿನ ಕಡೆ ಓಡಿದ್ದು.

ಮಾಸ್ತರ್ ಕಟ್ಟೆಯ ಮೇಲೆ ಅಂಗೈ ಬಡಿದ. "ಇದನ್ನ ಒಳಗಿಟ್ಕೊಂಡು ರಕ್ತದ ಹನಿ ಅಂತ ಬರೀತೀಯಲ್ಲೇ ಪೆದ್ದು! ಬರಿ ಇದನ್ನ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ."

ಅವಳು ಬರೆದಳು. ಹರಿದಳು, ಮತ್ತೆ ಬರೆದಳು. ಅಮ್ಮನಿಗೆ ಓದಿ ತೋರಿಸಿದಳು. ಅಮ್ಮ ತುಟಿ ನೋಡುತ್ತ ಕೇಳಿ, ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಶಾಲೆಯ ಮುಖ್ಯಸ್ಥರ ಶಿಫಾರಸು ಬೇಕಿತ್ತು. ಅವರು ಬರೆದರು: ಪ್ರಾಮಾಣಿಕಳು, ಶ್ರಮಜೀವಿ, ಆದರೆ ಗಮನ ಸಾಲದು. ಮಾಸ್ತರ್ ಅದನ್ನು ಹಿಡಿದುಕೊಂಡು ನೇರ ಅವರ ಕೋಣೆಗೆ ನುಗ್ಗಿದ. ಲಾಳಿ ಬಾಗಿಲಲ್ಲಿ ನಿಂತಿದ್ದಳು.

"ಈ 'ಆದರೆ' ತೆಗೀರಿ ಸಾರ್. ಒಂದು 'ಆದರೆ' ಸಾಕು, ಅರ್ಜಿ ಮೂಲೆಗೆ ಹೋಗತ್ತೆ."

"ಸುಳ್ಳು ಬರೀಲಾ? ಹಿಂದಿನಿಂದ ಕರೆದ್ರೆ ತಿರುಗೋದಿಲ್ಲ ರೀ ಇವಳು. ಬೋರ್ಡ್ ಮೇಲೆ ಬರೀತಾ ಹೇಳಿದ್ದು ಒಂದೂ ತಲೆಗೆ ಹೋಗಲ್ಲ. ಚಿಕ್ಕ ತರಗತಿಯಿಂದ ಎಲ್ಲ ಟೀಚರ್‌ಗಳೂ ಹೇಳ್ತಾರೆ. ಕೊಬ್ಬು."

"ಕೊಬ್ಬಾದ್ರೆ ಮಾರ್ಕ್ಸಲ್ಲಿ ಕ್ಲಾಸಿಗೇ ಮೊದಲು ಹೇಗೆ ಬರ್ತಾಳೆ?"

"ಪುಸ್ತಕ ಓದ್ಕೊಂಡು ಬರ್ತಾಳೆ. ನಾವು ಹೇಳಿದ್ದು ಕೇಳಿ ಅಲ್ಲ."

ಈ ಮಾತನ್ನು ಇನ್ನೊಮ್ಮೆ ಓದಿ. ಕರೆದರೆ ತಿರುಗುವುದಿಲ್ಲ. ಬೋರ್ಡಿನ ಕಡೆ ಮುಖ ಮಾಡಿ ಹೇಳಿದ್ದು ಮುಟ್ಟುವುದಿಲ್ಲ. ಪುಸ್ತಕದಿಂದ ಮಾತ್ರ ಕಲಿಯುತ್ತಾಳೆ. ಇಷ್ಟು ವರ್ಷ ಇಷ್ಟು ಮಂದಿ ಓದಿದವರು ಇದನ್ನು ಕಣ್ಣಾರೆ ಕಂಡು, ಬಾಯಾರೆ ಹೇಳಿ, ಅದಕ್ಕೆ ಕೊಬ್ಬು ಎಂಬ ಹೆಸರು ಕೊಟ್ಟು ಕೈತೊಳೆದುಕೊಂಡಿದ್ದರು. ಆ ಕೋಣೆಯಲ್ಲಿ ಅವತ್ತು ವಾದ ಒಂದು ಪದದ ಮೇಲೆ ನಡೆಯಿತು. ಮಾಸ್ತರ್ ಗೆದ್ದ, 'ಆದರೆ' ಹೋಯಿತು. ಲಾಳಿಗೆ ಹಿಗ್ಗೋ ಹಿಗ್ಗು.

ಆರೋಗ್ಯದ ತಯಾರಿಯಲ್ಲಿ ಮಾಸ್ತರ್ ಇನ್ನೂ ಕಟ್ಟುನಿಟ್ಟು. ಎಷ್ಟೋ ಮಕ್ಕಳು ಪರೀಕ್ಷೆ ಗೆದ್ದು, ಸಂದರ್ಶನ ಗೆದ್ದು, ಕೊನೆಗೆ ವೈದ್ಯರ ಮುಂದೆ ಬಿದ್ದದ್ದನ್ನು ಅವನು ಕಂಡಿದ್ದ. ಕಣ್ಣಿನ ಪರೀಕ್ಷೆ ಮಾಡಿಸಿದ. ಹಲ್ಲು ಶುಚಿ ಮಾಡಿಸಿದ. ಮಂಡಿ ಕೂಡಿಸಿ ನಿಲ್ಲಿಸಿ ನೋಡಿದ. ಪಾದವನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ಊರಿಸಿ, ಮೂಡಿದ ಗುರುತಿನಲ್ಲಿ ಹಳ್ಳ ಇದೆಯೇ, ಚಪ್ಪಟೆ ಪಾದವೇ ಎಂದು ಕುಕ್ಕರುಗಾಲಲ್ಲಿ ಕೂತು ಪರೀಕ್ಷಿಸಿದ. ಕೊನೆಗೆ ಹೇಳಿದ: "ಕಿವಿ ತೊಳೆಸ್ಕೊಂಡು ಬಾ. ಗುಗ್ಗೆ ಇದ್ರೆ ಅಲ್ಲೇ ತಾತ್ಕಾಲಿಕ ಅನರ್ಹ ಅಂತ ಮುದ್ರೆ ಒತ್ತಿಬಿಡ್ತಾರೆ."

ಅಪ್ಪನೇ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದ. ಕಾಂಪೌಂಡರ್ ಬೆಚ್ಚನೆ ನೀರು ಹಾಯಿಸಿ, ಬಟ್ಟಲಿಗೆ ಬಿದ್ದದ್ದನ್ನು ತೋರಿಸಿ, ದೀಪ ಹಿಡಿದು ಇಣುಕಿ, "ಈಗ ಕನ್ನಡಿ ಇದ್ದಂಗಿದೆ ಯಜಮಾನ್ರೇ" ಎಂದ.

"ಹಾಗಾದ್ರೆ ಕಿವಿ ಆಯ್ತು" ಎಂದ ಅಪ್ಪ.

ಅಪ್ಪ ಆ ಮಾತನ್ನು ಪೂರ್ಣ ನಂಬಿದ. ಅಮ್ಮ ನಂಬಿದಳು. ಮಾಸ್ತರನೂ ತಲೆಯಾಡಿಸಿದ. ಕಿವಿ ಶುಚಿಯಾಗಿದೆ ಎಂದರೆ ಕಿವಿ ಸರಿಯಾಗಿದೆ ಎಂದು ಎಲ್ಲರೂ ತಿಳಿದರು. ಅರ್ಜಿಯಲ್ಲಿ ಕೇಳುವ ಶಕ್ತಿ ಸರಿಯಾಗಿದೆಯೇ ಎಂಬ ಪ್ರಶ್ನೆ ಬಂದಾಗ ಮನೆಯಲ್ಲಿ ನಗೆಯ ಅಲೆಯೇ ಎದ್ದಿತು.

"ಇದೂ ಒಂದು ಪ್ರಶ್ನೆನಾ!" ಅಪ್ಪ ಗೋಡೆಯ ಕಡೆ ಕೈ ತೋರಿಸಿದ. "ದಿನವಿಡೀ ಈ ಸದ್ದು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಕೇಳ್ಸಲ್ಲ ಅಂತ ಬರೆಯೋ ಭಾಗ್ಯ ನಮಗೆಲ್ಲಿದೆ? ಹೌದು ಅಂತ ಹಾಕು. ಬೇಕಾದ್ರೆ ಎರಡು ಸಲ ಹಾಕು."

ಲಾಳಿ ನಗುತ್ತಲೇ ಹೌದು ಎಂದು ಗುರುತು ಹಾಕಿದಳು. ಅದು ಸುಳ್ಳಲ್ಲ. ತನಗೆ ಗೊತ್ತಿದ್ದಷ್ಟು ನಿಜವನ್ನೇ ಅವಳು ಬರೆದದ್ದು.

ಲಿಖಿತ ಪರೀಕ್ಷೆ ಪಾಸಾಯಿತು. ಕರೆ ಬಂತು. ಬೀದಿಗೆ ಬೀದಿಯೇ ಬಸ್‌ಸ್ಟ್ಯಾಂಡಿಗೆ ಬಂದು ಅವಳನ್ನು ಬೀಳ್ಕೊಟ್ಟಿತು. ಬಸ್ಸಿನೊಳಗಿದ್ದವರು ಇದೇನು ಹೊಡೆದಾಟವೋ ಎಂದು ಕಿಟಕಿಯಿಂದ ಬಗ್ಗಿ ನೋಡಿದರು. ಮಗ್ಗದ ಬೀದಿಯವರ ಹಾರೈಕೆಯ ದನಿಯೇ ಅಷ್ಟು ಜೋರು.

ಆಯ್ಕೆ ಕೇಂದ್ರದಲ್ಲಿ ಅವಳು ಓಡಿದಳು, ಗೋಡೆ ಹತ್ತಿದಳು, ಹಗ್ಗ ದಾಟಿದಳು. ತಂಡಕ್ಕೆ ಕೊಟ್ಟ ಕೆಲಸದಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದಾಗ ಇವಳು ಮರದ ದಿಮ್ಮಿ ಹತ್ತಿ ನಿಂತು ಕೈ ಎತ್ತಿದಳು, ಒಬ್ಬೊಬ್ಬರಿಗೂ ಬೆರಳಿನಲ್ಲೇ ಜಾಗ ತೋರಿಸಿದಳು. ಕೂಗಾಟ ನಿಂತಿತು. ಕೆಲಸ ಆಯಿತು.

ಸಂದರ್ಶನದ ಕೋಣೆಯಲ್ಲಿ ಉದ್ದ ಮೇಜಿನ ಆಚೆ ಅಧಿಕಾರಿಗಳು. ಬೆಳಕು ಅವರ ಮುಖದ ಮೇಲೆ ಚೆನ್ನಾಗಿ ಬಿದ್ದಿತ್ತು, ಒಬ್ಬರಿಗೂ ಮೀಸೆ ದಟ್ಟವಾಗಿರಲಿಲ್ಲ. ಲಾಳಿ ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರಿಸಿದಳು. ಹಿರಿಯ ಅಧಿಕಾರಿ ಅವಳ ಅರ್ಜಿಯನ್ನು ಎತ್ತಿಕೊಂಡು ಮಗ್ಗದ ಶೆಡ್ಡಿನ ಭಾಗವನ್ನು ಪಕ್ಕದವರಿಗೆ ಓದಿ ಹೇಳಿದರು.

"ಒಂದು ಮಾತೂ ಕೇಳಿಸದ ಜಾಗದಲ್ಲಿ ಅಷ್ಟು ಜನರನ್ನ ನಡೆಸಿದ್ಯಾ?"

"ಹೌದು ಸಾರ್. ಅಲ್ಲಿ ಬಾಯಿ ನಂಬ್ಕೊಂಡ್ರೆ ಕೆಲಸ ಆಗಲ್ಲ ಸಾರ್."

ಅವರೆಲ್ಲ ನಕ್ಕರು. ಇಂಥ ಮಕ್ಕಳೇ ನಮಗೆ ಬೇಕು ಎಂಬ ಮಾತು ಒಬ್ಬರ ತುಟಿಯ ಮೇಲೆ ಮೂಡಿದ್ದನ್ನು ಅವಳು ಓದಿಕೊಂಡಳು. ಅವರು ಅದನ್ನು ಅವಳಿಗೆ ಹೇಳಿರಲಿಲ್ಲ, ಪಕ್ಕದವರಿಗೆ ಪಿಸುಗುಟ್ಟಿದ್ದರು. ಹುಡುಗಿ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಾಳೆ, ಎಲ್ಲೂ ದೃಷ್ಟಿ ತಪ್ಪಿಸುವುದಿಲ್ಲ ಎಂದು ಇನ್ನೊಬ್ಬರು ಮೆಚ್ಚಿಕೊಂಡರು. ಅವರು ಧೈರ್ಯವೆಂದು ಎಣಿಸಿದ್ದು ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದ ಮನೆಯ ರೂಢಿ. ಆಯ್ಕೆಯಾದವರ ಹೆಸರು ಕೂಗಿದಾಗ ಲಾಳಿಯ ಹೆಸರೂ ಇತ್ತು. ಪಕ್ಕದ ಹುಡುಗಿ ಮೊಣಕೈಯಿಂದ ತಿವಿದ ಮೇಲೆ ಅವಳು ಎದ್ದು ನಿಂತಳು.

ಉಳಿದದ್ದು ವೈದ್ಯಕೀಯ ಪರೀಕ್ಷೆ, ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ. ಕಣ್ಣು ಸರಿ, ಹಲ್ಲು ಸರಿ, ಎದೆ ಸರಿ, ಪಾದ ಸರಿ. ಕಿವಿಯ ಕೋಣೆಗೆ ಹೋದಳು. ವೈದ್ಯರು ಒಳಗೆ ಇಣುಕಿ ನೋಡಿ, ಶುಚಿಯಾಗಿದೆ ಎಂದರು. ಅವಳಿಗೆ ಕಾಂಪೌಂಡರನ ಮೇಲೆ ಪ್ರೀತಿ ಉಕ್ಕಿತು. ಆಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ನಿಲ್ಲು, ನಾನು ಹೇಳುವ ಪದವನ್ನು ಮತ್ತೆ ಹೇಳು ಎಂದು ಅವಳ ಹಿಂದೆ ಕೋಣೆಯ ಕೊನೆಗೆ ಹೋದರು.

ಲಾಳಿ ಕಾದಳು. ಸುಣ್ಣದ ಗೋಡೆಯ ಮೇಲೆ ಒಂದು ಮೊಳೆಯ ತೂತಿತ್ತು. ಅದನ್ನೇ ನೋಡುತ್ತ ನಿಂತಳು. ಏನೂ ಆಗಲಿಲ್ಲ. ತಿರುಗಿ ನೋಡಿದಳು. ವೈದ್ಯರು ಕೈ ಬೀಸಿ, ಮುಂದೆ ನೋಡು ಎಂದರು. ಮತ್ತೆ ಗೋಡೆ, ಮತ್ತೆ ಮೊಳೆಯ ತೂತು. ಯಾಕಿವರು ಶುರು ಮಾಡುತ್ತಿಲ್ಲ? ಮತ್ತೆ ತಿರುಗಿದಳು.

"ತಿರುಗಬಾರದಮ್ಮ. ಹೇಳಿದ್ದು ಕೇಳಿಸ್ತಾ?"

"ನೀವಿನ್ನೂ ಹೇಳೇ ಇಲ್ಲವಲ್ಲ ಸಾರ್?"

ವೈದ್ಯರು ಹೇಳಿ ಮುಗಿಸಿಯಾಗಿತ್ತು. ಅವರು ಚೀಟಿಯಲ್ಲಿ ಏನೋ ಬರೆದರು. ಆಮೇಲೆ ಗಾಜಿನ ಗೂಡಿನಂಥ ಸಣ್ಣ ಕೋಣೆಗೆ ಕಳಿಸಿದರು. ಕಿವಿಗೆ ಹೆಡ್‌ಫೋನು, ಕೈಗೆ ಒತ್ತುಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ದಪ್ಪ ಸದ್ದುಗಳು ಬಂದವು, ಒತ್ತಿದಳು. ಆಮೇಲೆ ಏನೂ ಬರಲಿಲ್ಲ. ಆದರೆ ಗಾಜಿನಾಚೆ ಯಂತ್ರದ ಮುಂದೆ ಕೂತವನ ಹೆಗಲು ಆಗಾಗ ಸಣ್ಣಗೆ ಕದಲುತ್ತಿತ್ತು. ಹೆಗಲು ಕದಲಿದರೆ ಕೈ ಕದಲಿದೆ, ಕೈ ಕದಲಿದರೆ ಸದ್ದು ಬಿಟ್ಟಿದ್ದಾನೆ. ಅವಳು ಒತ್ತಿದಳು. ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಒಂದಿಷ್ಟೂ ಅನ್ನಿಸಲಿಲ್ಲ. ಹುಟ್ಟಿದಾಗಿನಿಂದ ಅವಳು ಕೇಳಿದ್ದೇ ಹೀಗೆ. ಯಂತ್ರದವನು ಹುಬ್ಬು ಗಂಟಿಕ್ಕಿ, ಎದ್ದು ಬಂದು, ಅವಳ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದ.

ಆಮೇಲೆ ಅವಳ ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

ವೈದ್ಯರು ಒಳ್ಳೆಯವರು. ಎದುರು ಕೂರಿಸಿಕೊಂಡು, ಮುಖ ಕಾಣುವಂತೆ, ನಿಧಾನವಾಗಿ ಕೇಳಿದರು: "ಕಿವಿ ಹತ್ರ ಏನಾದ್ರೂ ಸಿಡಿದಿತ್ತಾ? ಏಟು ಬಿದ್ದಿತ್ತಾ?"

"ಇಲ್ಲ ಸಾರ್."

"ಮನೆ ಕಾರ್ಖಾನೆ ಹತ್ರ ಇದೆಯಾ?"

"ಹತ್ರ ಅಲ್ಲ ಸಾರ್. ಒಳಗೇ."

ಅವರು ಗೆರೆ ಎಳೆದ ಕಾಗದವನ್ನು ತೋರಿಸಿದರು. ಗೆರೆ ಸ್ವಲ್ಪ ದೂರ ಸಮನಾಗಿ ಹೋಗಿ ಆಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಸಣ್ಣ ದನಿ, ತೆಳು ದನಿ, ಪಿಸುಮಾತು, ಹಕ್ಕಿಯ ಕೂಗು ಇವೆಲ್ಲ ಇರುವ ಜಾಗ ಅದು. ಅದು ಹೋಗಿದೆ. ಬಹಳ ಹಿಂದೆಯೇ ಹೋಗಿದೆ. ಮತ್ತೆ ಬರುವುದಿಲ್ಲ. ಕಾಯಂ ಅನರ್ಹ. ಬೇಕಾದರೆ ಇನ್ನೊಂದು ಆಸ್ಪತ್ರೆಯಲ್ಲಿ ಮರುಪರೀಕ್ಷೆ ಕೇಳಬಹುದು. ಅವಳು ಕೇಳಿದಳು, ಹೋದಳು. ಅಲ್ಲಿಯೂ ಅದೇ ಗೆರೆ.

ಸೇನೆಯನ್ನು ಬೈದು ಪ್ರಯೋಜನವಿಲ್ಲ. ಕತ್ತಲಲ್ಲಿ ಕಾವಲು ನಿಲ್ಲುವವರಿಗೆ ಕಿವಿ ಬೇಕು, ಅದು ನ್ಯಾಯವೇ. ಆದರೆ ಒಂದು ಕಟ್ಟಡದಲ್ಲಿ ಆ ಗದ್ದಲವನ್ನು ಗೆದ್ದವಳು ಎಂದು ಬೆನ್ನು ತಟ್ಟಿ, ಇನ್ನೊಂದು ಕಟ್ಟಡದಲ್ಲಿ ಆ ಗದ್ದಲಕ್ಕೆ ಸೋತವಳು ಎಂದು ವಾಪಸು ಕಳಿಸಿದಾಗ, ನಡುವಿನ ಅಂಗಳದಲ್ಲಿ ಒಬ್ಬಳೇ ನಿಂತ ಹುಡುಗಿ ಯಾರನ್ನು ಕೇಳಬೇಕು? ಅವಳ ಕಿವಿ ಹೋದದ್ದು ಅಂಗಳದಲ್ಲಲ್ಲ. ಎಲ್ಲರ ಕಣ್ಣೆದುರು, ದಿನಾ ಸ್ವಲ್ಪ ಸ್ವಲ್ಪವೇ ಹೋಯಿತು.

ಬಸ್ಸಿಳಿದ ಲಾಳಿ ಮನೆಗೆ ಹೋಗುವ ಮೊದಲು ಮೈದಾನಕ್ಕೆ ಹೋದಳು. ಮಾಸ್ತರ್ ಅವಳ ಮುಖ ನೋಡಿಯೇ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಕೇಳಿದ ಮೇಲೆ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ.

"ಕಣ್ಣು ನೋಡ್ದೆ. ಕಾಲು ನೋಡ್ದೆ. ಹಲ್ಲು ಕೂಡ ಬಿಡ್ಲಿಲ್ಲ. ಅಯ್ಯೋ, ಕಿವಿ..."

"ಕಿವಿ ತೊಳೆಸಿದ್ರಲ್ಲ ಮಾಸ್ತರೇ" ಎಂದಳು ಲಾಳಿ.

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆದರೂ ಆ ಮನುಷ್ಯ ಆಮೇಲೆ ಬಹಳ ದಿನ ಮೈದಾನದ ಕಡೆ ಸುಳಿಯಲಿಲ್ಲ.

ಮನೆಯಲ್ಲಿ ಮಗ್ಗ ಓಡುತ್ತಿತ್ತು. ಲಾಳಿ ಶೆಡ್ಡಿನ ಬಾಗಿಲಲ್ಲಿ ನಿಂತು ಅಪ್ಪನಿಗೆ ಕಾಣುವ ಹಾಗೆ ತಲೆಯಲ್ಲಾಡಿಸಿದಳು, ಆಮೇಲೆ ಒಂದು ಬೆರಳನ್ನು ಕಿವಿಗೆ ಮುಟ್ಟಿಸಿ ಅಡ್ಡ ಬೀಸಿದಳು. ಅದಕ್ಕೆ ಶೆಡ್ಡಿನಲ್ಲಿ ಮೊದಲಿನಿಂದ ಸನ್ನೆಯಿರಲಿಲ್ಲ. ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಪಾಳಿಯ ನಡುವೆ, ಯಾರ ಅಪ್ಪಣೆಯನ್ನೂ ಕೇಳದೆ, ಅವನು ಸ್ವಿಚ್ಚು ಎಳೆದ. ಮಗ್ಗಗಳು ಒಂದೊಂದಾಗಿ ನಿಂತವು.

"ಏನಂದ್ರು?"

"ಹೋಗಿದೆ ಅಂದ್ರು ಅಪ್ಪ. ಚಿಕ್ಕಂದಿನಲ್ಲೇ ಹೋಗಿದೆಯಂತೆ. ಸದ್ದಿಗೆ."

"ತೊಳೆಸಿದ್ವಲ್ಲ?"

ಕಂಡಿಕೆಯ ಬುಟ್ಟಿಯ ಹಿಂದಿನಿಂದ ಎದ್ದು ಬಂದ ಅಮ್ಮ ಇಬ್ಬರ ತುಟಿಯನ್ನೂ ನೋಡುತ್ತಿದ್ದಳು. ಅವಳು ಮಗ್ಗಗಳ ನಡುವಿನ ಜಾಗಕ್ಕೆ ಕೈ ತೋರಿಸಿದಳು. "ಎರಡು ಮಗ್ಗದ ಮಧ್ಯೆ ತೊಟ್ಟಿಲು ಇಟ್ಟಿದ್ದೆ. ಇನ್ನೆಲ್ಲಿ ಇಡ್ಲಿ? ಕಣ್ಣಿಗೆ ಕಾಣ್ತಾ ಇರ್ಲಿ ಅಂತ. ಕರೆಂಟ್ ಹೋಗಿ ಮಗ್ಗ ನಿಂತ್ರೆ ಎದ್ದು ಕಿರುಚಾಡ್ತಿದ್ಲು, ಮಗ್ಗ ಶುರುವಾದ್ರೆ ಮತ್ತೆ ನಿದ್ದೆ. ನಮ್ಮ ಮಗೂಗೆ ಮಗ್ಗವೇ ಜೋಗುಳ ಅಂತ ಎಲ್ಲರ ಹತ್ರ ಹೇಳ್ಕೊಂಡು ನಗ್ತಿದ್ದೆನಲ್ಲೇ..."

ಅಪ್ಪ ಬೆನ್ನು ತಿರುಗಿಸಿದ. ಅವನು ಏನೋ ಹೇಳಿದ; ಹೆಗಲು ಅಲುಗಿದ್ದರಿಂದ ಹೇಳಿದನೆಂದು ಲಾಳಿಗೆ ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ಮುಂದೆ ಹೋಗಿ ಅವನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಅಷ್ಟರಲ್ಲಿ ಮಗ್ಗ ಯಾಕೆ ನಿಂತಿತೆಂದು ಸಾಹುಕಾರ ಬಾಗಿಲಿಗೆ ಬಂದ, ಯಾರೋ ಮೂಗು ಹಿಡಿದರು, ಅಪ್ಪ ಸ್ವಿಚ್ಚು ಹಾಕಿದ.

ಈಗ ಲಾಳಿಯ ಕೈಯಲ್ಲಿ ಎರಡು ಮಗ್ಗಗಳಿವೆ. ಕೆಲಸಕ್ಕೆ ನಿಲ್ಲುವ ಮೊದಲು ಅವಳು ಸಾಹುಕಾರನ ಬಳಿ ಹೋಗಿ, ಎಲ್ಲರಿಗೂ ಕಿವಿಗೆ ಇಟ್ಟುಕೊಳ್ಳುವ ಬಿರಡೆ ಕೊಡಿಸಿ ಎಂದು ಕೇಳಿದಳು. ಅವನು ಮೈಯೆಲ್ಲ ಅಲುಗುವಂತೆ ನಕ್ಕ. "ಕಿವಿ ಮುಚ್ಕೊಂಡ್ರೆ ಮಗ್ಗ ಕೆಟ್ಟ ಸದ್ದು ಮಾಡಿದ್ದು ಹೇಗಮ್ಮ ಗೊತ್ತಾಗತ್ತೆ? ನಿನ್ನ ಅಪ್ಪ ಯಾವತ್ತಾದ್ರೂ ಕೇಳಿದ್ನಾ?" ಅಪ್ಪ ಕೇಳಿರಲಿಲ್ಲ, ನಿಜ. ಕೇಳುವ ವಿಷಯವೊಂದು ಇದೆಯೆಂದೇ ಅಪ್ಪನಿಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯ ಅಕ್ಕನಿಗೆ ಹೆರಿಗೆಯಾಗಿ ಮೂಲೆಯ ಮಗ್ಗದ ಪಕ್ಕ ತೊಟ್ಟಿಲು ಬಂದಾಗ ಲಾಳಿ ಸುಮ್ಮನಿರಲಾರದೆ ಹೋದಳು. "ಮಗೂನ ಇಲ್ಲಿ ಮಲಗಿಸಬೇಡ ಅಕ್ಕ, ಕಿವಿ ಹೋಗತ್ತೆ" ಎಂದಳು.

"ನಿನಗೆ ಆಫೀಸರ್ ಕೆಲಸ ಸಿಗ್ಲಿಲ್ಲ ಅಂತ ನನ್ನ ಮಗೂನ ಕಿವುಡು ಮಾಡ್ತೀಯೇನೇ?" ಅಕ್ಕ ಕೆಂಡವಾದಳು. ಮಗುವನ್ನು ಎದೆಗೆ ಅವುಚಿಕೊಂಡಳು. ಲಾಳಿ ಹೋಗದೆ ಅಲ್ಲೇ ನಿಂತಿದ್ದನ್ನು ಕಂಡು ಸ್ವಲ್ಪ ತಣ್ಣಗಾಗಿ ಕೇಳಿದಳು: "ಸರಿ, ಇಲ್ಲಿ ಬೇಡ. ಎಲ್ಲಿ ಮಲಗಿಸ್ಲಿ, ನೀನೇ ಹೇಳು. ಮನೇಲಿ ಗೋಡೆ ನಡುಗತ್ತೆ. ಬೀದೀಲಿ ಮಲಗಿಸ್ಲಾ? ನಾನು ಕೆಲಸ ಬಿಡ್ಲಾ?"

ಇದಕ್ಕೆ ಉತ್ತರ ಇರಬೇಕಾದದ್ದು ಲಾಳಿಯ ಬಳಿಯಲ್ಲ. ಮನೆಯ ಗೋಡೆಗೆ ಶೆಡ್ಡು ಅಂಟಿಸಲು ಪರವಾನಗಿ ಕೊಟ್ಟವರ ಬಳಿ ಇರಬೇಕು, ವರ್ಷಕ್ಕೊಮ್ಮೆ ಬಂದು ಚಹಾ ಕುಡಿದು ಸಹಿ ಹಾಕಿ ಹೋಗುವ ಇನ್ಸ್‌ಪೆಕ್ಟರ್ ಬಳಿ ಇರಬೇಕು, ತಿರುಗದ ಮಗುವಿಗೆ ಕೊಬ್ಬು ಎಂದು ಬರೆಯುವ ಪೆನ್ನುಗಳ ಬಳಿ ಇರಬೇಕು. ಆ ಮಗು ಇನ್ನೂ ಅಲ್ಲೇ ಮಲಗಿದೆ. ನೀವು ಇದನ್ನು ಓದುವಾಗಲೂ ಮಗ್ಗ ಓಡುತ್ತಿದೆ.

ನಿಮ್ಮ ಊರಿನಲ್ಲೂ ಇಂಥ ಬೀದಿಯಿದೆ. ಮಗ್ಗವಲ್ಲದಿದ್ದರೆ ಕಲ್ಲು ಒಡೆಯುವ ಯಂತ್ರ, ಅದಲ್ಲದಿದ್ದರೆ ತಗಡು ಬಡಿಯುವ ಅಂಗಡಿ. ಅಲ್ಲಿನ ಮಕ್ಕಳು ಯಾವುದೋ ಶಾಲೆಗೆ ಹೋಗುತ್ತಾರೆ. ನಾಳೆ ಬೆಳಿಗ್ಗೆ ಆ ಶಾಲೆಗೆ ಹೋಗಿ. ಮುಖ್ಯಸ್ಥರ ಎದುರು ಕುರ್ಚಿ ಎಳೆದುಕೊಂಡು ಕೂತು, ಈ ಮಕ್ಕಳ ಕಿವಿಯನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದಿರಿ ಎಂದು ಕೇಳಿ. ಉತ್ತರ ಬರುವವರೆಗೆ ಎದ್ದು ಬರಬೇಡಿ.